ಭದ್ರಾವತಿಯಲ್ಲಿ 36 ಲಕ್ಷದ ಮನೆ: ರಿಜಿಸ್ಟ್ರೇಷನ್ ಖರ್ಚು ಕಮ್ಮಿ ಮಾಡೋಕೆ ದಾರಿ ಇದೆಯಾ?

ಬೆಳಗಿನ ಬಸ್ಸಿನವ:
ಕೆಲಸ ಶಿವಮೊಗ್ಗದಲ್ಲಿ, ವಿನೋಬನಗರದಲ್ಲಿ ಬಾಡಿಗೆ ಮನೆ. ಹೆಂಡತಿ, ಇಬ್ಬರು ಮಕ್ಕಳು, ಅಮ್ಮ. ನಮ್ಮ ದುಡ್ಡಿಗೆ ಇಲ್ಲಿ ಮನೆ ಸಿಗುತ್ತಿಲ್ಲ. ಭದ್ರಾವತಿಯ ಜನ್ನಾಪುರದಲ್ಲಿ ಒಂದು ಹಳೇ ಮನೆ ನೋಡಿದ್ದೇವೆ. ಹಿತ್ತಲಲ್ಲಿ ಬಾವಿ, ಒಂದು ತೆಂಗಿನ ಮರ. ಬಾವಿ ನೋಡಿದ್ದೇ ಅಮ್ಮ ಒಪ್ಪಿಬಿಟ್ಟರು, ಅಡುಗೆಮನೆ ಕಡೆ ತಿರುಗಿಯೂ ನೋಡಲಿಲ್ಲ. ಸುಮಾರು 20 ಕಿಲೋಮೀಟರ್, ಬಸ್ಸೂ ಇದೆ, ರೈಲೂ ಇದೆ.

36 ಲಕ್ಷ ಹೇಗೋ ಹೊಂದುತ್ತದೆ. ರಿಜಿಸ್ಟ್ರೇಷನ್ ದುಡ್ಡಿಗೇ ಪರದಾಟ. ಬ್ರೋಕರ್, "ಪತ್ರದಲ್ಲಿ 26 ತೋರಿಸೋಣ, 10 ಕೈಯಲ್ಲಿ ಕೊಡಿ, ಮುಕ್ಕಾಲು ಲಕ್ಷ ಉಳಿಯುತ್ತೆ" ಅಂತಾನೆ. ನಮ್ಮ ಭಾವ, ಪಂಚಾಯ್ತಿ ಜಾಗ ತಗೊಂಡರೆ ಖರ್ಚು ಕಮ್ಮಿ ಅಂತಾರೆ. ಹೌದಾ?

ಹಳೇ ಪತ್ರ ಬರಹಗಾರ:
ಲೆಕ್ಕ ಹಾಕಿ. ಸ್ಟಾಂಪ್ ಡ್ಯೂಟಿ 5 ಪರ್ಸೆಂಟ್, 1,80,000. ಆ ಡ್ಯೂಟಿ ಮೇಲೆ 10 ಪರ್ಸೆಂಟ್ ಸೆಸ್, 18,000. 2 ಪರ್ಸೆಂಟ್ ಸರ್ಚಾರ್ಜ್, 3,600. ನೋಂದಣಿ ಶುಲ್ಕ 1 ಇದ್ದದ್ದು 2025ರ ಆಗಸ್ಟ್ 31ರಿಂದ 2 ಪರ್ಸೆಂಟ್, 72,000. ಒಟ್ಟು 2,73,600. ಪಂಚಾಯ್ತಿಯಲ್ಲಿ ಸರ್ಚಾರ್ಜ್ 3 ಪರ್ಸೆಂಟ್, ಹಾಗಾಗಿ ಲಕ್ಷಕ್ಕೆ 50 ರೂಪಾಯಿ ಜಾಸ್ತಿಯೇ. ನಿಮ್ಮ ಭಾವನವರಿಗೆ ಹೇಳಿ.

26 ತೋರಿಸುವ ಮಾತು ಬಿಡಿ ಮಾರಾಯ್ರೇ. ಸಾಲ ತಗೊಳ್ಳುತ್ತೀರಿ ತಾನೇ? ಬ್ಯಾಂಕಿನವರು ಪತ್ರದ ಮೊತ್ತ ನೋಡಿ ಸಾಲ ಕೊಡುತ್ತಾರೆ. 76,000 ಉಳಿಸೋಕೆ ಹೋಗಿ 10 ಲಕ್ಷ ನಗದು ಎಲ್ಲಿಂದ ತರುತ್ತೀರಿ? ಮನೆ ಮಾರಾಟಕ್ಕೆ 20,000 ಅಥವಾ ಹೆಚ್ಚು ನಗದು ತಗೊಂಡರೆ, ತಗೊಂಡಷ್ಟೇ ದಂಡ ಬೀಳಬಹುದು. ಇದನ್ನು ಮಾರುವವರ ಕಿವಿಗೆ ಹಾಕಿ, ಅವರೇ ಹಿಂದೆ ಸರಿಯುತ್ತಾರೆ. ಇನ್ನು, ಮಾರ್ಗಸೂಚಿ ದರ, ಅಂದರೆ ಸರ್ಕಾರ ಆ ಆಸ್ತಿಗೆ ಕಟ್ಟಿದ ಕನಿಷ್ಠ ಬೆಲೆ, 26ಕ್ಕಿಂತ ಜಾಸ್ತಿ ಇದ್ದರೆ ಶುಲ್ಕ ಹೇಗೂ ಆ ದರದ ಮೇಲೇ.

ಬ್ರೋಕರ್ ಕಮಿಷನ್ ಎಷ್ಟು ಕೇಳುತ್ತಿದ್ದಾನೆ? ಸರ್ಕಾರದ ಶುಲ್ಕ ಇಳಿಯುವುದಿಲ್ಲ, ಬ್ರೋಕರ್ ಇಳಿಯುತ್ತಾನೆ.

ಪೇಪರ್ ಟೌನ್ ಅಕ್ಕ:
ನಾವು ಉಳಿಸೋಕೆ ಹೋಗಿ ಕೆಟ್ಟವರು. ಇಸಿ (ಆಸ್ತಿಯ ಋಣಭಾರ ಪತ್ರ) ಚೊಕ್ಕ ಇತ್ತು, ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ ದಾಖಲೆ) ಇತ್ತು. ಸುಮ್ನೆ ವಕೀಲರಿಗೆ ಯಾಕೆ ಕೊಡೋದು ಅಂದುಕೊಂಡೆವು. ಮನೆ ಮಾರಿದವರ ಅಪ್ಪನದ್ದು. ಅಪ್ಪ ವಿಲ್ ಬರೆದಿರಲಿಲ್ಲ, ಮಾರಿದವರ ತಂಗಿ ಸಹಿ ಹಾಕಿರಲಿಲ್ಲ. ಗೃಹಪ್ರವೇಶದ ಎಂಟನೇ ತಿಂಗಳಿಗೆ ನೋಟಿಸ್ ಬಂತು. ರಾಜಿಗೆ 2 ಲಕ್ಷ ಹೋಯಿತು. ಇಸಿಯಲ್ಲಿ ನೋಂದಣಿಯಾದ ಪತ್ರ ಕಾಣುತ್ತದೆ, ತಂಗಿ ಕಾಣುವುದಿಲ್ಲ. ವಂಶವೃಕ್ಷ ಕೇಳಿ.

ಮತ್ತೆ ಆ ಮನೆಯನ್ನು ಜೋರು ಮಳೆ ಹೊಯ್ದ ಮಾರನೇ ದಿನ ಇನ್ನೊಮ್ಮೆ ನೋಡಿ. ಬೇಸಿಗೆಯಲ್ಲಿ ಹೊಸ ಬಣ್ಣ ಎಲ್ಲವನ್ನೂ ಮುಚ್ಚುತ್ತದೆ.

ಬೆಳಗಿನ ಬಸ್ಸಿನವ:
ಬ್ರೋಕರ್ ಕೇಳಿದ್ದು 2 ಪರ್ಸೆಂಟ್, 72,000! ಉಳಿಸಿಕೊಡುತ್ತೇನೆ ಅಂದದ್ದು ಅವನ ಜೇಬಿನಷ್ಟೇ ಇತ್ತು. ಮಾತಾಡಿ 1ಕ್ಕೆ ಇಳಿಸಿದೆ, ಪತ್ರದಲ್ಲಿ 36 ಅಂತಲೇ ಆಯಿತು. ಮನೆ ಮಾರುವವರನ್ನು ಕೇಳಿದರೆ ದಾವಣಗೆರೆಯಲ್ಲಿ ಒಬ್ಬಳು ಅಕ್ಕ ಇದ್ದಾಳಂತೆ. "ಅವಳದ್ದೇನೂ ತಕರಾರಿಲ್ಲ" ಅಂದರು. ಆ ಅಕ್ಕ ಬಂದು ಸಹಿ ಹಾಕುವವರೆಗೂ ಮುಂಗಡ ಕೊಡುವುದಿಲ್ಲ ಅಂದಿದ್ದೇನೆ. ಅಮ್ಮನಿಗೆ ಮಾತ್ರ ನನ್ನ ಮೇಲೆ ಸಿಟ್ಟು.