ಇಪ್ಸ್‌ವಿಚ್‌ನ ಇಬ್ಬರು ಜಾನ್: ಅಪ್ಪ-ಮಗ ಹೌದಾ?

ಪ್ರಶ್ನೆ:
ಸೊಸೆಯ ತಾಯಿ ಕಡೆಯ ವಂಶವನ್ನು ಮೊಮ್ಮಗಳಿಗಾಗಿ ಬರೆದಿಡುತ್ತಿದ್ದೇನೆ. 1700ರವರೆಗೆ ದಾಖಲೆ ಗಟ್ಟಿಯಾಗಿದೆ. ಅದಕ್ಕೂ ಹಿಂದೆ ಅಮೆರಿಕದ ಮ್ಯಾಸಚೂಸೆಟ್ಸ್‌ನ ಇಪ್ಸ್‌ವಿಚ್‌ನಲ್ಲಿ ಒಂದೇ ಹೆಸರಿನ ಇಬ್ಬರು ಜಾನ್ ಸಿಗುತ್ತಾರೆ. ಒಬ್ಬ ಸೀನಿಯರ್, ಇನ್ನೊಬ್ಬ ಜೂನಿಯರ್. ಆನ್‌ಲೈನ್ ವಂಶವೃಕ್ಷಗಳೆಲ್ಲ ಅಪ್ಪ-ಮಗ ಎನ್ನುತ್ತವೆ, ಆದರೆ ಜೂನಿಯರ್ ಹುಟ್ಟಿದ ದಾಖಲೆ ಎಲ್ಲೂ ಇಲ್ಲ. ನಂಬಬಹುದಾ?

ಉತ್ತರ 1:
ಅಷ್ಟಕ್ಕೇ ನಂಬಬೇಡಿ. ಆ ಕಾಲದಲ್ಲಿ ಸೀನಿಯರ್, ಜೂನಿಯರ್ ಅಂದರೆ ಊರಿನಲ್ಲಿ ಹಿರಿಯವನು, ಕಿರಿಯವನು ಅಂತ ಅಷ್ಟೇ. ಚಿಕ್ಕಪ್ಪ-ಅಣ್ಣನ ಮಗ ಆಗಿರಬಹುದು, ಸಂಬಂಧವೇ ಇಲ್ಲದಿರಬಹುದು. ಹಿರಿಯವನು ತೀರಿಕೊಂಡ ಮೇಲೆ ಜೂನಿಯರೇ ಸೀನಿಯರ್ ಆಗುತ್ತಿದ್ದ! ಇಪ್ಸ್‌ವಿಚ್ ಇರುವ ಎಸೆಕ್ಸ್ ಕೌಂಟಿಯ (ಜಿಲ್ಲೆಯ) ಉಯಿಲು, ಜಮೀನು ಪತ್ರ ಹುಡುಕಿ. ‘ನನ್ನ ಮಗ ಜಾನ್‌ಗೆ’ ಅನ್ನುವ ಒಂದು ಸಾಲು ನೂರು ವಂಶವೃಕ್ಷಕ್ಕಿಂತ ಜಾಸ್ತಿ ತೂಕದ್ದು. ಆ ವೃಕ್ಷಗಳು ಒಂದನ್ನೊಂದು ನಕಲು ಮಾಡಿದವು ಅಲ್ವಾ?

ಉತ್ತರ 2:
ತಾರೀಖೂ ನೋಡಿಕೊಳ್ಳಿ. 1752ಕ್ಕೆ ಮುಂಚೆ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. 1690ರ ಏಪ್ರಿಲ್‌ನಲ್ಲಿ ಮದುವೆ, 1690ರ ಫೆಬ್ರವರಿಯಲ್ಲಿ ಮಗು ಅಂತಿದ್ದರೆ ಗಾಬರಿ ಬೇಡ. ಅದು ನಮ್ಮ ಲೆಕ್ಕದಲ್ಲಿ 1691ರ ಫೆಬ್ರವರಿ. ಡಿಎನ್‌ಎ ಮೇಲೆ ಜಾಸ್ತಿ ಭರವಸೆ ಇಡಬೇಡಿ. ಹತ್ತು ತಲೆಮಾರು ಹಿಂದಿನವರದ್ದು ಏನೂ ಉಳಿದಿಲ್ಲದೇ ಇರಬಹುದು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಮೊದಲು ಉಯಿಲು ಹುಡುಕುತ್ತೇನೆ. ಅಲ್ಲಿಯವರೆಗೆ ಆ ಇಬ್ಬರ ನಡುವೆ ಚುಕ್ಕಿ ಗೆರೆ ಎಳೆದು, ಪಕ್ಕದಲ್ಲಿ ‘ಪುರಾವೆ ಬೇಕು’ ಅಂತ ಬರೆದಿರುತ್ತೇನೆ.