ಆಫೀಸಿನ ‘ಸ್ಕ್ರಮ್’, ಸುದ್ದಿಯ ‘ಸ್ಕ್ರಮ್’: ಎರಡೂ ಒಂದೇನಾ?

ಪದಗಳಹುಚ್ಚು:
ನಮ್ಮ ಸಾಫ್ಟ್‌ವೇರ್ ಟೀಮಿನಲ್ಲಿ ದಿನಾ 15 ನಿಮಿಷದ ಸ್ಕ್ರಮ್ ಇರುತ್ತದೆ. ನಿಂತುಕೊಂಡೇ ಮಾತಾಡಿ ಮುಗಿಸುತ್ತೇವೆ. ನಿನ್ನೆ ಒಂದು ಇಂಗ್ಲಿಷ್ ಸುದ್ದಿಯಲ್ಲಿ ‘ಮೀಡಿಯಾ ಸ್ಕ್ರಮ್’ ಅಂತ ಓದಿದೆ. ಅಲ್ಲಿ ನೋಡಿದರೆ ವರದಿಗಾರರು ಒಬ್ಬರ ಮೇಲೊಬ್ಬರು ಬಿದ್ದು ಮಂತ್ರಿಯ ಮುಖಕ್ಕೆ ಮೈಕ್ ಚಾಚುತ್ತಿದ್ದಾರೆ. ಎರಡಕ್ಕೂ ಅದೇ ಪದ ಹೇಗೆ ಬಂತು? ಕೆಲವರು ಎಲ್ಲ ಅಕ್ಷರವನ್ನೂ ದೊಡ್ಡದಾಗಿ ಬರೆಯುತ್ತಾರೆ, ಹಾಗಾಗಿ ನಾನು ಯಾವುದೋ ಉದ್ದ ಹೆಸರನ್ನು ಚಿಕ್ಕದು ಮಾಡಿದ್ದು ಅಂದುಕೊಂಡಿದ್ದೆ.

ಮೂರನೇಸಾಲು:
ಅಲ್ಲ ಅಲ್ಲ, ಅದು ರಗ್ಬಿ ಪದ. ಚೆಂಡು ಆಟಗಾರನ ಕೈತಪ್ಪಿ ಮುಂದಕ್ಕೆ ಬಿದ್ದರೆ ಆಟ ನಿಲ್ಲುತ್ತದೆ. ಮತ್ತೆ ಶುರು ಮಾಡುವುದು ಸ್ಕ್ರಮ್‌ನಿಂದ. ರಗ್ಬಿ ಯೂನಿಯನ್ ಅನ್ನುವ ಬಗೆಯ ರಗ್ಬಿಯಲ್ಲಿ ಎರಡೂ ಕಡೆಯಿಂದ ಎಂಟೆಂಟು ಜನ ಮೂರು ಸಾಲಾಗಿ ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದು, ಬಗ್ಗಿ, ಎದುರಿನವರ ತಲೆಗಳ ಸಂದಿಯಲ್ಲಿ ತಲೆ ತೂರಿಸಿ, ಭುಜಕ್ಕೆ ಭುಜ ಕೊಟ್ಟು ತಳ್ಳುತ್ತಾರೆ. ಮಧ್ಯದ ಕಿಂಡಿಗೆ ಚೆಂಡು ಬಿಡುತ್ತಾರೆ. ಮುಂದಿನ ಸಾಲಿನ ನಡುವೆ ಇರುವ ಹುಕರ್ ಅದನ್ನು ಕಾಲಿನಿಂದ ಹಿಂದಕ್ಕೆ ಎಳೆದುಕೊಳ್ಳಬೇಕು. ಹೊರಗಿನಿಂದ ನೋಡುವವರಿಗೆ ಬರೀ ಬೆನ್ನು, ಕಾಲು, ನೂಕಾಟ. ಮೀಡಿಯಾ ಸ್ಕ್ರಮ್ ಹುಟ್ಟಿದ್ದು ಈ ನೋಟದಿಂದಲೇ. ಕೆನಡಾದ ಸಂಸತ್ತಿನ ವರದಿಗಾರಿಕೆಯಲ್ಲಂತೂ ಇದು ದಿನನಿತ್ಯದ ಮಾತು.

ಹಳೇನಿಘಂಟು:
ಪದದ ಬೇರು ಇನ್ನೂ ಚೆನ್ನಾಗಿದೆ. ಸ್ಕ್ರಮ್ ಅನ್ನುವುದು ‘ಸ್ಕ್ರಮೇಜ್’ನ ಮೊಟಕು ರೂಪ. ಅದು ‘ಸ್ಕ್ರಿಮೇಜ್’ನ ಇನ್ನೊಂದು ಉಚ್ಚಾರ. ಅದಕ್ಕೂ ಹಿಂದೆ ‘ಸ್ಕರ್ಮಿಶ್’, ಅಂದ್ರೆ ಸಣ್ಣ ಕಾಳಗ. ಇನ್ನೂ ಹಿಂದಕ್ಕೆ ಹೋದರೆ ಹಳೆಯ ಫ್ರೆಂಚಿನಲ್ಲಿ ಕತ್ತಿವರಸೆಗೆ ಇದ್ದ ಮಾತು ಸಿಗುತ್ತದೆ. ಅಮೆರಿಕನ್ ಫುಟ್‌ಬಾಲ್‌ನವರು ‘ಸ್ಕ್ರಿಮೇಜ್’ ಅನ್ನೇ ಉಳಿಸಿಕೊಂಡರು.

ಕೋಡುಬರಹ:
ಆಫೀಸಿನ ಕಥೆ ನಾನು ಹೇಳುತ್ತೇನೆ. 1986ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಟಕೆಯುಚಿ ಮತ್ತು ನೊನಾಕಾ ಅನ್ನುವ ಇಬ್ಬರು ಜಪಾನಿ ವಿದ್ವಾಂಸರು ಒಂದು ಲೇಖನ ಬರೆದರು. ಹೊಸ ವಸ್ತು ತಯಾರಿಸುವಾಗ ರಿಲೇ ಓಟದ ಹಾಗೆ ಒಬ್ಬರು ಮುಗಿಸಿ ಇನ್ನೊಬ್ಬರಿಗೆ ಕೊಡುವುದಲ್ಲ, ರಗ್ಬಿ ತಂಡದ ಹಾಗೆ ಚೆಂಡನ್ನು ಅತ್ತಿಂದಿತ್ತ ದಾಟಿಸುತ್ತಾ ಎಲ್ಲರೂ ಒಟ್ಟಿಗೆ ಮುಂದೆ ಹೋಗಬೇಕು ಅಂದರು. ಆ ಲೇಖನದಲ್ಲಿದ್ದ ‘ಸ್ಕ್ರಮ್’ ಅನ್ನುವ ಪದವನ್ನೇ ಹೆಸರಾಗಿಟ್ಟು, ಸದರ್‌ಲ್ಯಾಂಡ್ ಮತ್ತು ಶ್ವೇಬರ್ ಅನ್ನುವ ಇಬ್ಬರು ಸಾಫ್ಟ್‌ವೇರ್ ತಜ್ಞರು ತಮ್ಮ ಕೆಲಸದ ವಿಧಾನವನ್ನು 1995ರಲ್ಲಿ ಒಂದು ಸಮ್ಮೇಳನದಲ್ಲಿ ಮುಂದಿಟ್ಟರು.

ಮೂರನೇಸಾಲು:
ಆದರೆ ಚೆಂಡು ದಾಟಿಸುತ್ತಾ ಓಡುವುದು ಸ್ಕ್ರಮ್ ಅಲ್ಲವೇ ಅಲ್ಲ! ಅದು ಸ್ಕ್ರಮ್ ಮುಗಿದ ಮೇಲಿನ ಆಟ. ಹೆಸರು ಸ್ವಲ್ಪ ತಪ್ಪು ಜಾಗಕ್ಕೆ ಅಂಟಿಕೊಂಡಿದೆ ಅಂತ ನನಗೆ ಯಾವತ್ತೂ ಅನ್ನಿಸುತ್ತದೆ.

ಪದಗಳಹುಚ್ಚು:
ಎಲ್ಲರಿಗೂ ಥ್ಯಾಂಕ್ಸ್. ಮೀಡಿಯಾ ಸ್ಕ್ರಮ್‌ಗೆ ಕನ್ನಡದಲ್ಲಿ ‘ಮುತ್ತಿಗೆ’ ಅನ್ನಬಹುದಾ?

ಹಳೇನಿಘಂಟು:
ಮುತ್ತಿಗೆ ಅಂದರೆ ಪ್ರತಿಭಟನೆ ನೆನಪಾಗುತ್ತದೆ. ನಾನಾದರೆ ಸುಮ್ನೆ ‘ವರದಿಗಾರರು ಮುಗಿಬಿದ್ದರು’ ಅಂತ ಬರೆಯುತ್ತೇನೆ.