ಸಹಾಯ ಬೇಕು: ಪಟಾಕಿ ಅಂದ್ರೆ ನಡುಗುವ ನಾಯಿ

ಎಲ್ಲರಿಗೂ ನಮಸ್ಕಾರ. ಬಸವನಗುಡಿಯಲ್ಲಿದ್ದೇವೆ. ದೀಪಾವಳಿ ಹತ್ತಿರ ಬಂತು, ನಮ್ಮ ಕರಿಯನದೇ ಚಿಂತೆ.

ಪಟಾಕಿಗೆ ರಾತ್ರಿ 8ರಿಂದ 10 ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನಮ್ಮ ಬೀದಿಯಲ್ಲಿ ಕೇಳೋರು ಯಾರು? ನರಕ ಚತುರ್ದಶಿ ದಿನ ಬೆಳಗಿನ ಜಾವವೇ ಶುರು. ಮೊದಲ ಸದ್ದಿಗೇ ಬಾಲ ಮುದುರಿಕೊಂಡು ಬಚ್ಚಲಮನೆ ಮೂಲೆ ಸೇರುತ್ತಾನೆ. ಏದುಸಿರು, ಜೊಲ್ಲು. ಮೊಸರನ್ನವನ್ನೂ ಮೂಸಲ್ಲ, ಉಚ್ಚೆಗೂ ಹೊರಗೆ ಬರಲ್ಲ. ಕಿಟಕಿ ಮುಚ್ಚಿ ಟಿವಿ ಜೋರಾಗಿ ಹಾಕಿದರೆ ಸ್ವಲ್ಪ ಪರವಾಗಿಲ್ಲ, ಆದರೆ ರಾಕೆಟ್ ಸಿಳ್ಳೆಗೆ ಅದೂ ಸಾಲದು.

ಡಾಕ್ಟರ್ ಬರೆದುಕೊಟ್ಟ ಭಯದ ಮಾತ್ರೆ ಯಾರಾದರೂ ಕೊಟ್ಟಿದ್ದೀರಾ? ಸದ್ದು ಶುರುವಾಗುವ ಎಷ್ಟು ಹೊತ್ತು ಮೊದಲು ಕೊಟ್ಟಿರಿ? (ಮನುಷ್ಯರ ನಿದ್ದೆ ಮಾತ್ರೆ ಅರ್ಧ ಕೊಡಿ ಅನ್ನೋ ಸಲಹೆ ದಯವಿಟ್ಟು ಬೇಡ.) ಕನಕಪುರ ರಸ್ತೆ ಕಡೆ ಹಬ್ಬ ಮುಗಿಯುವವರೆಗೆ ನಾಯಿ ಜೊತೆ ಉಳಿಯಲು ಸದ್ದಿಲ್ಲದ ಜಾಗ ಗೊತ್ತಿದ್ದರೂ ತಿಳಿಸಿ.